ಜರಡಿಯಲ್ಲಿ ಉಳಿದ ಅಲೆಗಳು

ಏಪ್ರಿಲ್ ೮

ಅಮ್ಮಾ, ಅಮ್ಮಾ, ಅಮ್ಮಾ!

ಮೂರು ಸಲ ಕರೆದದ್ದು ಯಾಕೆಂದರೆ ಮೊದಲ ಎರಡು ಸಲ ನಿನಗೆ ಕೇಳಿಸುವುದೇ ಇಲ್ಲ. ನಿನ್ನ ಹಡಗಿನಲ್ಲಿ ಫೋನ್ ಸಿಗುವುದಿಲ್ಲ, ವಾರಕ್ಕೊಮ್ಮೆ ಮಾತ್ರ ಈಮೇಲ್ ಇಳಿಸಿಕೊಳ್ಳುತ್ತಾರೆ ಅಂದೆಯಲ್ಲ, ಅದೇ ಒಳ್ಳೆಯದಾಯಿತು. ಫೋನಿನಲ್ಲಾದರೆ ನೀನು "ಸರಿ, ಆಮೇಲೆ" ಅಂತ ಇಟ್ಟುಬಿಡುತ್ತಿದ್ದೆ. ಪತ್ರವನ್ನು ಹಾಗೆ ಮಧ್ಯದಲ್ಲಿ ಇಡುವುದಕ್ಕೆ ಆಗುವುದಿಲ್ಲ, ಸಿಕ್ಕಿಬಿದ್ದೆ!

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ. ನನಗೋ ಹುಟ್ಟಿದಾಗಿನಿಂದ ಇದೇ ಮನೆಯಲ್ಲಿ ಇದ್ದ ಹಾಗೆ ಅನ್ನಿಸುತ್ತಿದೆ. ಇಷ್ಟೊಂದು ಸಂತೋಷ ಇರುವುದು ಕಾನೂನು ಪ್ರಕಾರ ಸರಿಯೋ ಇಲ್ಲವೋ ಗೊತ್ತಿಲ್ಲ. ಕಡಲ ಪಕ್ಕದ ಮನೆ ಅಂತ ಕುಣಿದುಕೊಂಡು ಬಂದೆ, ಕಿಟಕಿ ತೆಗೆದರೆ ತಡೆಗೋಡೆಯ ಬೆನ್ನು! ಕಡಲು ಕಾಣಬೇಕೆಂದರೆ ಮಹಡಿಯ ಬಾಲ್ಕನಿಗೇ ಹೋಗಬೇಕು. ತಗ್ಗಿನ ಬೀದಿಯಲ್ಲಿ ನಮ್ಮದೇ ಕೊನೆಯ ಮನೆ. ಹಿಂದಿನ ಪ್ರವಾಹದಲ್ಲಿ ನೀರು ನುಗ್ಗಿದ ಮೇಲೆ ಬೀದಿಯವರನ್ನೆಲ್ಲ ಗುಡ್ಡದ ಮೇಲಿನ ತಗಡಿನ ಶೆಡ್ಡುಗಳಿಗೆ ಸಾಗಿಸಿದ್ದಾರಂತೆ. ಮಾವ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಹಾಗಾಗಿ ಇಡೀ ಬೀದಿಗೆ ನಾವು ಮೂವರೇ ರಾಜರು.

ಮಾವನವರು ಟಗ್ ದೋಣಿಯ ಕ್ಯಾಪ್ಟನ್ ಆಗಿದ್ದವರಲ್ಲವೇ, ನಿವೃತ್ತರಾದರೂ ಹಡಗು ಎಳೆಯುವುದು ಬಿಟ್ಟಿಲ್ಲ. ನನ್ನ ಬೀರು ಮಹಡಿಗೆ ಏರಿಸುವಾಗ ಕೆಳಗೆ ನಿಂತು "ಎಡಕ್ಕೆ! ಎಡಕ್ಕೆ! ಇನ್ನೂ ಎಡಕ್ಕೆ!" ಎಂದು ಕೂಗಿ ಕೂಗಿ ಅದನ್ನು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಸಿಯೇಬಿಟ್ಟರು. ಈಗ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು ಹತ್ತಿ ಇಳಿಯುತ್ತೇವೆ. "ಬಂದರು ಬಂತು, ಲಂಗರು ಹಾಕಿದೆ" ಅನ್ನುತ್ತಾರೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನನ್ನ ಗಂಡ (ಈ ಪದ ಬರೆಯುವಾಗ ಇನ್ನೂ ನಗು ಬರುತ್ತದೆ) ನಿನ್ನೆ ಸಂಜೆ ಗೋಡೆಯ ಮೇಲೆ ಕರೆದುಕೊಂಡು ಹೋದ. ಕಾಂಕ್ರೀಟನ್ನು ಕುದುರೆಯ ಬೆನ್ನು ತಟ್ಟಿದ ಹಾಗೆ ತಟ್ಟಿ, "ಇದು ನಿಮ್ಮಮ್ಮನ ಗೋಡೆ ಕಣೇ" ಅಂದ. "ಅಲೆ ಎಷ್ಟು ಎತ್ತರ ಬರುತ್ತೆ ಅಂತ ಅವರು ಹೇಳಿದ್ರು. ಅದಕ್ಕೆ ಒಂದು ಮೊಳ ನಾನು ಸೇರಿಸಿದೆ. ಆ ಮೊಳ ಮಾತ್ರ ನಂದು."

"ಯಾಕೆ ಸೇರಿಸಿದೆ?"

"ಅದನ್ನ ಸರೀನಾ ಅಂತ ಕೇಳೋಕೆ ನಿಮ್ಮನೆಗೆ ಇನ್ನೊಂದು ಸಲ ಬರಬಹುದಲ್ಲ!"

ನೋಡಮ್ಮಾ, ನನ್ನ ಮದುವೆಗೆ ನಿನ್ನ ಅಲೆಗಳೇ ದಲ್ಲಾಳಿ. ಜುಲೈನಲ್ಲಿ ಗೋಡೆಯನ್ನು ಊರಿಗೆ ಒಪ್ಪಿಸುತ್ತಾರೆ, ಬೀದಿಯವರಿಗೆ ಮನೆಯ ಬೀಗದ ಕೈ ವಾಪಸು ಕೊಡುತ್ತಾರೆ, ನಿನ್ನ ಅಳಿಯ ಕಾಮಗಾರಿ ಕಚೇರಿಯ ಮುಖ್ಯ ಎಂಜಿನಿಯರ್ ಆಗುತ್ತಾನೆ. ಅಷ್ಟರಲ್ಲಿ ನೀನು ದಡ ಸೇರಬೇಕು, ಅದು ಆಜ್ಞೆ.

ಮದುವೆಯ ಊಟದ ಫೋಟೋಗಳು ಬಂದವು. ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಹಾಗೇ ಬಂದರಿಗೆ ಓಡಿದೆಯಲ್ಲ, ನಿನ್ನ ಕುರ್ಚಿ ಖಾಲಿ. ಮಾವ ಅದರ ಮೇಲೆ ತಮ್ಮ ಟೋಪಿ ಇಟ್ಟಿದ್ದಾರೆ. ನನಗೇನೂ ಬೇಸರವಿಲ್ಲ. ಹಡಗು ಯಾರಿಗೂ ಕಾಯುವುದಿಲ್ಲ, ಗೊತ್ತು. ನಿಜವಾಗಿಯೂ ಬೇಸರವಿಲ್ಲ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಪಟಾಕಿ


ಏಪ್ರಿಲ್ ೨೨

ಪಟಾಕಿ,

ಪತ್ರ ಸಿಕ್ಕಿತು. ಸಂತೋಷವಾಗಿದ್ದೀಯ ಎಂದು ತಿಳಿದು ನೆಮ್ಮದಿ. ಇಲ್ಲಿ ಗಾಳಿ ಹೆಚ್ಚು. ತಟ್ಟೆಯಲ್ಲಿ ಸೂಪು ನಿಲ್ಲುವುದಿಲ್ಲ, ಬ್ರೆಡ್ ತಿಂದುಕೊಂಡಿದ್ದೇನೆ.

ಯಾಕೆ ಅಷ್ಟು ಅವಸರದಲ್ಲಿ ಹೊರಟೆ ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಡಲಿನಲ್ಲಿ ನಾವು ಸರಪಳಿ ಕಟ್ಟಿ ತೇಲಿಬಿಟ್ಟಿರುವ ಹಳದಿ ಗೋಳಗಳು ನಿನಗೆ ಗೊತ್ತು. ಅಲೆಯ ಜೊತೆ ಏರಿ ಇಳಿದು, ಎಷ್ಟು ಏರಿದೆ ಎಂದು ದಡಕ್ಕೆ ತಿಳಿಸುವುದು ಅವುಗಳ ಕೆಲಸ. ಆದರೆ ಕೆಲವೊಮ್ಮೆ ಸುಳ್ಳು ಹೇಳುತ್ತವೆ. ಸರಪಳಿ ಜಗ್ಗಿದರೂ, ದೋಣಿ ತಾಗಿದರೂ ದೊಡ್ಡ ಅಲೆ ಬಂತು ಎನ್ನುತ್ತವೆ. ಅದಕ್ಕಾಗಿ ನಮ್ಮ ಕಡಲ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿನಲ್ಲಿ ಒಂದು ಜರಡಿ ಇದೆ. ಅಕ್ಕಪಕ್ಕದವುಗಳಿಗಿಂತ ತೀರಾ ಎತ್ತರದ ಅಲೆ ಬಂದರೆ ಅದು ಯಂತ್ರದ ತಪ್ಪೆಂದು ತಾನೇ ತೆಗೆದುಹಾಕುತ್ತದೆ. ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಹಾಗೇ. ಯಾರೂ ಯಾಕೆಂದು ಕೇಳಿಲ್ಲ.

ಈಚೆಗೆ ನೀರು ಬಿಸಿಯಾಗಿದೆ, ಬಿರುಗಾಳಿಗಳು ಬೇಗ ಬಲಿಯುತ್ತಿವೆ. ಜರಡಿಯಲ್ಲಿ ಉಳಿಯುವ ಅಲೆಗಳೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಗೋಳಗಳೆಲ್ಲ ಒಟ್ಟಿಗೆ ಸುಳ್ಳು ಹೇಳುವುದನ್ನು ಕಲಿತವೋ, ಅಥವಾ ನಾವು ನಿಜವನ್ನೇ ಎಸೆಯುತ್ತಿದ್ದೇವೋ ನೋಡಬೇಕು. ಪ್ರತಿ ಗೋಳದ ಕೆಳಗೆ, ಕಡಲ ತಳದಲ್ಲಿ, ನೀರಿನ ಭಾರ ಅಳೆಯುವ ಇನ್ನೊಂದು ಯಂತ್ರ ಇಡುತ್ತಿದ್ದೇವೆ. ಮೇಲಿನದೂ ಕೆಳಗಿನದೂ ಒಂದೇ ಕ್ಷಣದಲ್ಲಿ ಒಂದೇ ಮಾತು ಹೇಳಿದರೆ ಅದು ಸುಳ್ಳಲ್ಲ.

ಗೋಡೆಯನ್ನು ಎಷ್ಟು ಎತ್ತರಕ್ಕೆ ನಿಲ್ಲಿಸುತ್ತಿದ್ದಾರೆ? ಒಂದು ಮೊಳ ಸೇರಿದ ಮೇಲಿನ ಲೆಕ್ಕ ಬೇಕು. ಅಳಿಯಂದಿರನ್ನು ಕೇಳಿ ಬರೆ.

ಮಾವನವರಿಗೆ ನನ್ನ ವಂದನೆ ತಿಳಿಸು.

ಅಮ್ಮ


ಮೇ ೧೧

ಅಮ್ಮಾ,

ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ. ನನ್ನ ಬೀರುವಿನ ಬಗ್ಗೆ ಒಂದು ಮಾತು? ಇಲ್ಲ. ಗಂಡನ ಬಗ್ಗೆ? ಇಲ್ಲ. ಮುತ್ತು? ಒಂದೂ ಇಲ್ಲ. ಗೋಡೆಯ ಎತ್ತರ ಮಾತ್ರ ಬೇಕು. ಹೋಗಲಿ ಬಿಡು, ನಿನ್ನನ್ನು ಈಗ ತಿದ್ದುವುದಕ್ಕೆ ಆಗುತ್ತದೆಯೇ? ಲೆಕ್ಕವನ್ನು ಅವನೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾನೆ, ಅವನ ಅಕ್ಷರ ಎಷ್ಟು ಮುದ್ದಾಗಿದೆ ನೋಡು ಅಂತ ಫೋಟೋ ತೆಗೆದು ಕಳಿಸುತ್ತಿದ್ದೇನೆ.

ರಾತ್ರಿ ಊಟದಲ್ಲಿ ನಿನ್ನ ಜರಡಿಯ ಕಥೆಯನ್ನು ಎಲ್ಲರಿಗೂ ಹೇಳಿದೆ. ಮಾವ ಮೀನಿನ ಮುಳ್ಳು ಬಿಡಿಸುತ್ತಾ, "ಕಡಲನ್ನ ಜರಡಿ ಹಿಡಿಯೋರು ಈಗ ಬಂದ್ರು ನೋಡಮ್ಮಾ. ನಮ್ಮ ಕಾಲದಲ್ಲಿ ಅಲೆ ಬಂದ್ರೆ ಒದ್ದೆ ಆಗ್ತಿದ್ವಿ, ಅಷ್ಟೇ ವಿಜ್ಞಾನ" ಅಂದರು. ನಾನು ನೀರು ಕುಡಿಯುತ್ತಿದ್ದೆ, ಮೂಗಿಗೆ ಹತ್ತಿತು.

ನಿನ್ನ ಅಳಿಯ ಮಾತ್ರ ನಗಲಿಲ್ಲ. "ಅತ್ತೆ ಎತ್ತರ ಯಾಕೆ ಕೇಳ್ತಿದ್ದಾರೆ?" ಅಂದ.

"ಸುಮ್ನೆ ಇರಬೇಕು."

"ನಿಮ್ಮಮ್ಮ ಯಾವತ್ತಾದ್ರೂ ಸುಮ್ನೆ ಏನಾದ್ರೂ ಕೇಳಿದ್ದುಂಟಾ?"

ಆಮೇಲೆ ಅವನು ಊಟ ಸೇರದವನ ಹಾಗೆ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತ. ಸುಮ್ಮನೆ ಅಲ್ಲವಾದರೆ ಬೇಗ ಹೇಳಿಬಿಡಮ್ಮ. ಅವನು ನಿದ್ದೆಯಲ್ಲೂ ಸಿಮೆಂಟಿನ ಮಾತಾಡುತ್ತಿದ್ದಾನೆ, ರೊಮ್ಯಾನ್ಸಿಗೆ ಬಹಳ ತೊಂದರೆಯಾಗುತ್ತಿದೆ.

ಮುತ್ತುಗಳು (ನೀನು ಕೊಡದಿದ್ದರೂ),
ಪಟಾಕಿ


ಮೇ ೩೦

ಪಟಾಕಿ,

ಇದನ್ನು ಕುಳಿತುಕೊಂಡು ಓದು.

ಕಳೆದ ವಾರ ನಮ್ಮ ಹಡಗಿನ ಸಮೀಪ ಒಂದು ಬಿರುಗಾಳಿ ಹಾದುಹೋಯಿತು. ತಳದ ಯಂತ್ರಗಳನ್ನು ಮೇಲೆತ್ತಿ ನೋಡಿದ್ದೇವೆ. ಜರಡಿ ಎಸೆದ ಅಲೆಗಳಲ್ಲಿ ಬಹುಪಾಲು ನಿಜ. ಮೇಲಿನ ಗೋಳ ಏರಿದ ಹೊತ್ತಿಗೇ ಕೆಳಗಿನ ಯಂತ್ರದ ಮೇಲೆ ಅಷ್ಟೇ ನೀರಿನ ಭಾರ ಬಿದ್ದಿದೆ.

ಎಂದರೆ ನಾವು ಈ ಕರಾವಳಿಗೆಲ್ಲ ಕೊಟ್ಟ ಅಂಕಿಗಳು ಕಡಿಮೆಯವು. ಅಳಿಯಂದಿರಿಗೆ ಕೊಟ್ಟದ್ದೂ ಅದೇ ಅಂಕಿ. ಬಿರುಗಾಳಿ ನಿಮ್ಮ ಊರಿಗೆ ನೇರವಾಗಿ ಬಂದರೆ ಅಲೆ ಗೋಡೆಯ ಮೇಲಿಂದ ಒಂದಾಳೆತ್ತರ ಹಾರಿ ಬರುತ್ತದೆ. ನೀರು ಆಚೆ ಹೋಗಲು ಗೋಡೆಯೇ ಬಿಡುವುದಿಲ್ಲ. ತಗ್ಗಿನ ಬೀದಿ ತೊಟ್ಟಿಯಾಗುತ್ತದೆ.

ಗೋಡೆಯನ್ನು ಒಪ್ಪಿಸಬಾರದು, ಜನರನ್ನು ಕೆಳಗೆ ತರಬಾರದು ಎಂದು ಕಾಮಗಾರಿ ಕಚೇರಿಗೆ ವರದಿ ಬರೆಯುತ್ತಿದ್ದೇನೆ. ಸಂಸ್ಥೆಯ ನಿರ್ದೇಶಕರಿಗೂ ಇನ್ನೂ ಹೇಳಿಲ್ಲ. ಮೊದಲು ನಿನಗೆ ಹೇಳುತ್ತಿದ್ದೇನೆ.

ಅಮ್ಮ


ಜೂನ್ ೬

ಅಮ್ಮ,

ನಿನ್ನ ಪತ್ರವನ್ನು ಓದಿ ನಾನೇ ಅವನ ಕೈಗೆ ಕೊಟ್ಟೆ. ಅವನು ಆಗಷ್ಟೇ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದ. ಒಂದು ಬೂಟು ಬಿಚ್ಚಿ, ಒಂದು ಬೂಟಿನಲ್ಲೇ ಓದಿ ಮುಗಿಸಿದ. ನಗಲು ನೋಡಿದ.

"ಅಂಕಿ ಕೊಟ್ಟೋರು ಯಾರು? ಅವರೇ. ಈಗ ತಪ್ಪು ಅನ್ನೋರು ಯಾರು? ಅವರೇ. ಮಧ್ಯದಲ್ಲಿ ಕಟ್ಟಿದೋನು ಮಾತ್ರ ನಾನು."

ಹಾಗೇ ಒಂದು ಬೂಟಿನಲ್ಲಿ ಮನೆಯಿಂದ ಹೊರಗೆ ಹೋಗಿ ಗೋಡೆಯ ಬುಡದಲ್ಲಿ ಕೂತ. ಮಾವ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಯಾಕೆ ತಗ್ಗಿಸಬೇಕಾಯಿತು, ಹೇಳು. ನಾನೇನು ಮಾಡಿದ್ದೆ?

ನಾನು ಯಾವತ್ತೂ ನಿನ್ನನ್ನು ಏನೂ ಬೇಡಿಲ್ಲ. ಈಗ ಬೇಡುತ್ತೇನೆ. ಈ ಒಂದು ಮಳೆಗಾಲ ಕಾಯಿ. ಅವನ ಹೊಸ ಹುದ್ದೆ ಖಾಯಂ ಆಗಲಿ, ಆಮೇಲೆ ಅವನೇ ಗೋಡೆಯ ಮೇಲೆ ಇನ್ನೊಂದು ಸಾಲು ಏರಿಸುತ್ತಾನೆ, ಸದ್ದಿಲ್ಲದೆ. ಶೆಡ್ಡುಗಳಲ್ಲಿ ಜನ ಬೇಯುತ್ತಿದ್ದಾರೆ, ಅವರೂ ಮನೆಗೆ ಬರಲಿ. ಇಷ್ಟು ವರ್ಷ ತಪ್ಪಾಗಿದ್ದದ್ದು ಇನ್ನು ನಾಲ್ಕು ತಿಂಗಳು ತಪ್ಪಾಗಿದ್ದರೆ ಏನಾಗುತ್ತದೆ? ನಿನ್ನ ಕೆಲಸದಲ್ಲಿ "ಬರಬಹುದು" ಅನ್ನುವುದು ಬಿಟ್ಟರೆ "ಬರುತ್ತದೆ" ಅನ್ನುವ ಮಾತೇ ಇಲ್ಲ ಅಂತ ನೀನೇ ಹೇಳುತ್ತಿದ್ದೆ. ಬರಬಹುದಾದದ್ದಕ್ಕೆ ಇರುವುದನ್ನು ಒಡೆಯುತ್ತೀಯಾ?

ಮೊದಲು ನನಗೆ ಹೇಳಿದೆ ಅಂತ ಬರೆದಿದ್ದೀಯ. ಅದನ್ನು ದೊಡ್ಡ ಉಡುಗೊರೆಯ ಹಾಗೆ ಬರೆದಿದ್ದೀಯ. ನನ್ನ ಶಾಲೆಯ ನಾಟಕಕ್ಕೆ ನೀನು ಬರಲಿಲ್ಲ, ಬಿರುಗಾಳಿ ಇತ್ತು. ಅಪ್ಪ ಹೋದ ದಿನ ಆಸ್ಪತ್ರೆಗೆ ತಡವಾಗಿ ಬಂದೆ, ಬಿರುಗಾಳಿ ಇತ್ತು. ಮದುವೆಯ ಊಟಕ್ಕೆ ಕೂರಲಿಲ್ಲ. ಒಂದೇ ಒಂದು ಸಲ ಬಿರುಗಾಳಿ ಇದ್ದೂ ನನ್ನ ಕಡೆ ನಿಲ್ಲು.

ನಿನ್ನ ಮಗಳು


ಜೂನ್ ೧೪

ಮಗಳೇ,

ನಾನು ದಡಕ್ಕೆ ಬಂದಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವರದಿ ಕಳಿಸಿಯಾಯಿತು. ಅಂಕಿ ನಾನು ಕೊಟ್ಟದ್ದು, ಎಂಜಿನಿಯರರ ತಪ್ಪು ಏನೂ ಇಲ್ಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಸದ್ದಿಲ್ಲದೆ ಏರಿಸಬಹುದು ಎನ್ನುತ್ತೀಯ. ಸದ್ದಿಲ್ಲದಿದ್ದರೆ ಜನ ಈ ಮಳೆಗಾಲದಲ್ಲೇ ಕೆಳಗೆ ಬಂದು ಮಲಗುತ್ತಾರೆ.

ನಾಟಕದ ದಿನ ಬಿರುಗಾಳಿ ಇರಲಿಲ್ಲ. ನಾನು ಮರೆತಿದ್ದೆ. ಉಳಿದದ್ದೆಲ್ಲ ನೀನು ಹೇಳಿದ ಹಾಗೆಯೇ.

ನಿನ್ನ ಕೋಣೆ ಇದೆ. ಮಳೆಗಾಲ ಮುಗಿಯುವವರೆಗೆ ಮೂವರೂ ಇಲ್ಲಿಗೆ ಬನ್ನಿ. ಫೋನ್ ಎತ್ತು.

ಅಮ್ಮ


ಸೆಪ್ಟೆಂಬರ್ ೩

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ನಿನಗೆ ಬೇಕಾದದ್ದೆಲ್ಲ ಪತ್ರಿಕೆಯಲ್ಲೇ ಬಂದಿತ್ತು.

ನಿನ್ನ ಮೊದಲ ಪುಟವನ್ನು ಯಾರೂ ಓದಲಿಲ್ಲ. "ಗೋಡೆ ಗಿಡ್ಡ" ಅನ್ನುವ ಎರಡು ಪದ ಸಾಕಾಯಿತು. ಗೋಡೆ ಒಪ್ಪಿಸುವುದು ನಿಂತಿತು, ನನ್ನ ಗಂಡನನ್ನು ಉಗ್ರಾಣಕ್ಕೆ ಹಾಕಿದರು. ಹಗ್ಗ, ಸಲಿಕೆ, ಬಣ್ಣದ ಡಬ್ಬಿಗಳನ್ನು ಕಾಯುತ್ತಾನೆ. ಮೊನ್ನೆ ಬೇಕರಿಯವನು ಒಳಗಿನ ಹುಡುಗನಿಗೆ "ಗಿಡ್ಡಣ್ಣಂಗೆ ಎರಡು ಬ್ರೆಡ್ ಕೊಡೋ" ಎಂದು ಕೂಗಿದ, ಇವನು ಅಲ್ಲೇ ನಿಂತಿದ್ದಾನೆ ಎಂದು ಗೊತ್ತಿದ್ದೂ. ಇವನು ಬ್ರೆಡ್ ತೆಗೆದುಕೊಂಡು ಬಂದ. ಈಗ ಬ್ರೆಡ್ ತರುವುದು ನಾನು. ಗುಡ್ಡದ ಮೇಲಿನವರು ಇನ್ನೂ ತಗಡಿನ ಕೆಳಗೇ ಇದ್ದಾರೆ. ಅವರು ನಿನ್ನನ್ನು ಏನೆಂದು ಕರೆಯುತ್ತಾರೆ ಅನ್ನುವುದನ್ನು ಬರೆಯುವುದಿಲ್ಲ.

ಆಗಸ್ಟ್ ಕೊನೆಯಲ್ಲಿ ಬಂದ ಬಿರುಗಾಳಿಯ ವಿಷಯಕ್ಕೆ ಬರುತ್ತೇನೆ. ಊರು ಬಿಡಿ ಎಂದು ಬೆಳಿಗ್ಗೆಯೇ ಮೈಕಿನಲ್ಲಿ ಸಾರಿದರು. ಮಾವ ಕದಲಲಿಲ್ಲ. "ನನ್ನ ಮಗ ಕಟ್ಟಿದ ಗೋಡೆ ಬಿಟ್ಟು ನಾನೇ ಓಡಿದ್ರೆ, ನಾಳೆ ಇದರ ಹಿಂದೆ ಯಾರಮ್ಮಾ ಬಂದು ಇರ್ತಾರೆ?" ಅಂದರು. ಇವನು ಅವರ ಪಕ್ಕ ಹೋಗಿ ನಿಂತ. ನಾನು ಇವನ ಪಕ್ಕ ನಿಂತೆ. ನಡು ಹಗಲು, ಆದರೆ ಬಾಲ್ಕನಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಗುಡ್ಡದ ಅಂಚಿನಲ್ಲಿ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಅಲೆ ಬಂದು ಗೋಡೆಗೆ ಬಡಿದಾಗಲೆಲ್ಲ ಮನೆಯ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಹನಿ ಹಾರಿ ಮೂವರೂ ತೊಯ್ದೆವು. ಒಂದು ಅಲೆ ಗೋಡೆಯ ತಲೆಯ ತನಕ ಬಂತು. ಇವನ ಉಗುರು ನನ್ನ ಕೈಯಲ್ಲಿ ಇಳಿದಿತ್ತು. ಅಷ್ಟೇ. ಅದಕ್ಕಿಂತ ದೊಡ್ಡದು ಬರಲಿಲ್ಲ. ಊಟದ ಹೊತ್ತಿಗೆ ಬಿರುಗಾಳಿ ದಿಕ್ಕು ಬದಲಿಸಿ ಕಡಲಿಗೇ ತಿರುಗಿತು. ಗುಡ್ಡದ ಮೇಲೆ ಚಪ್ಪಾಳೆ ಕೇಳಿಸಿತು, ಶಿಳ್ಳೆ ಕೇಳಿಸಿತು. ಇವನು ಅಲ್ಲೇ ಕುಸಿದು ಕೂತು ಅತ್ತ. ಮಾವ ಮಗನ ತಲೆ ಮೇಲೆ ಕೈಯಿಟ್ಟು, "ನಿಂತಿತಲ್ಲೋ, ನಿಂತಿತಲ್ಲೋ" ಅನ್ನುತ್ತಿದ್ದರು.

ಈಗ ನನ್ನದೊಂದು ಪ್ರಶ್ನೆ. ಆ ಬೆಳಿಗ್ಗೆ ನೀನು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ. ನಾನು ಎತ್ತಲಿಲ್ಲ, ಆದರೆ ಪ್ರತಿ ಸಲವೂ ನೋಡುತ್ತಿದ್ದೆ. ಅಲೆಗಳು ಏರತೊಡಗಿದ ಮೇಲೆ ಅದು ನಿಂತುಹೋಯಿತು. ನಾವು ಎಲ್ಲಕ್ಕಿಂತ ಹೆಚ್ಚು ಹೆದರಿದ್ದ ಹೊತ್ತು ಅದು. ಆಗ ಯಾಕೆ ನಿಲ್ಲಿಸಿದೆ? ಪರದೆಯ ಮುಂದೆ ಕೂತಿದ್ದೆ ಅಲ್ಲವೇ? ಏನಾಗಲಿ ಎಂದುಕೊಂಡು ಕೂತಿದ್ದೆ?

ಮಗಳು


ಸೆಪ್ಟೆಂಬರ್ ೧೧

ಮಗಳೇ,

ಕೇಳಿದ್ದೀಯ, ಹೇಳುತ್ತೇನೆ.

ನಿಮ್ಮ ಊರಿನ ಎದುರಿನ ಗೋಳದ ಗೆರೆ ಪರದೆಯ ಮೇಲೆ ಏರುತ್ತಿತ್ತು. ಜರಡಿಯನ್ನು ತೆಗೆಸಿದ್ದೆ, ಬಂದದ್ದು ಬಂದ ಹಾಗೇ ಕಾಣುತ್ತಿತ್ತು. ಪಕ್ಕದಲ್ಲಿ ನಿರ್ದೇಶಕರು ನಿಂತಿದ್ದರು. ಒಂದು ಹಡಗಿನ ಯಾನ ನಂಬಿ ಇಡೀ ಕರಾವಳಿಯ ಅಂಕಿ ಬದಲಿಸಲಾಗದು, ನಿಮಗೆ ವಿಶ್ರಾಂತಿ ಬೇಕು ಎಂದು ಎಲ್ಲರೆದುರು ನನಗೆ ಹೇಳಿದ್ದವರು. ಗೆರೆ ಹಳೆಯ ಅಂಕಿಯ ಹತ್ತಿರ ಬಂತು. ಫೋನ್ ನನ್ನ ಕೈಯಲ್ಲೇ ಇತ್ತು. ಇನ್ನೊಂದಿಷ್ಟು ಏರಲಿ ಎಂದುಕೊಂಡೆ. ಇವರಿಗೆ ಕಾಣಲಿ ಎಂದುಕೊಂಡೆ.

ನೀನು ಗೋಡೆಯ ಹಿಂದೆ ಇದ್ದೀಯ ಎಂಬುದು ಮರೆತಿರಲಿಲ್ಲ. ಮರೆತಿದ್ದೆ ಎಂದು ಬರೆಯಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು.

ಗೆರೆ ಇಳಿಯತೊಡಗಿದಾಗ ನನಗೆ ಮೊದಲು ಆದದ್ದು ನಿರಾಸೆ. ಸಮಾಧಾನ ಆಮೇಲೆ ಬಂತು. ಆ ಕ್ರಮವನ್ನು ನಾನು ಗಮನಿಸಿದೆ. ಅದಾದ ಮೇಲೆ ನಿನಗೆ ಫೋನ್ ಮಾಡಲು ಮುಖವಿರಲಿಲ್ಲ.

ಆದರೂ ಒಂದು ಮಾತು. ಬಿರುಗಾಳಿ ತಿರುಗಿಕೊಂಡಿತೆಂದು ಗೋಡೆ ಎತ್ತರವಾಗುವುದಿಲ್ಲ. ನನ್ನನ್ನು ನೀನು ಏನೆಂದು ತಿಳಿದರೂ ಸರಿ, ಅಲ್ಲಿ ಇರಬೇಡ.

ಅಮ್ಮ


ನವೆಂಬರ್ ೨

ಅಮ್ಮ,

"ಇಲ್ಲ, ನಿನ್ನ ಜೀವವೊಂದು ಉಳಿಯಲಿ ಅಂದುಕೊಂಡಿದ್ದೆ" ಎಂದು ನೀನು ಬರೆಯಬಹುದಿತ್ತು. ಸುಳ್ಳೆಂದು ನನಗೆ ಗೊತ್ತಾಗುತ್ತಿತ್ತು. ಆದರೂ ಆ ಸುಳ್ಳನ್ನು ಹಿಡಿದುಕೊಂಡು ನಿನ್ನ ಮಗಳಾಗಿ ಇದ್ದುಬಿಡುತ್ತಿದ್ದೆ. ಅಷ್ಟೂ ನಿನ್ನಿಂದ ಆಗಲಿಲ್ಲ. ಸುಳ್ಳೆಂದು ಜರಡಿ ಎಸೆದ ಅಲೆಗಳನ್ನೆಲ್ಲ ಉಳಿಸಿಕೊಂಡೆ, ನನಗಾಗಿ ಒಂದು ಸುಳ್ಳು ಹೇಳಲಿಲ್ಲ.

ಇಲ್ಲಿಯ ಸುದ್ದಿ ನಿನಗೆ ತಿಳಿದಿರಬಹುದು. ಮಳೆಗಾಲ ಸುಮ್ಮನೆ ಕಳೆಯಿತು. ಸಮಿತಿ ಕೂತಿತು. ಹಳೆಯ ಅಂಕಿಯೇ ಸದ್ಯಕ್ಕೆ ಸರಿ ಎಂದು ನಿಮ್ಮ ನಿರ್ದೇಶಕರು ಸಹಿ ಹಾಕಿ ಕಳಿಸಿದರು. ಇವನನ್ನು ಉಗ್ರಾಣದಿಂದ ಕರೆಸಿ ಹುದ್ದೆ ಕೊಟ್ಟರು. ಬೇಕರಿಯವನು ಈಗ "ಸಾರ್" ಅನ್ನುತ್ತಾನೆ. ಮೊನ್ನೆ ಭಾನುವಾರ ಗೋಡೆಯನ್ನು ಊರಿಗೆ ಒಪ್ಪಿಸಿದರು.

ಇವನಿಗೂ ಗೊತ್ತು. ನಿನ್ನ ವರದಿಯನ್ನು ಉಗ್ರಾಣದಲ್ಲಿ ಕೂತು ಮೊದಲಿನಿಂದ ಕೊನೆಯ ತನಕ ಓದಿದ್ದಾನೆ. "ಅವರ ಲೆಕ್ಕ ಸರಿ ಇದೆ ಕಣೇ" ಎಂದು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ. ಮುಂದಿನ ವರ್ಷ ಏರಿಸಲು ಅನುಮತಿ ಕೇಳುತ್ತಾನಂತೆ. ಈ ವರ್ಷ ಕೇಳಿದರೆ ಮತ್ತೆ ಹಗ್ಗ, ಸಲಿಕೆ. ನಾವು ಅದರ ಬಗ್ಗೆ ಆಮೇಲೆ ಮಾತಾಡಿಲ್ಲ. ಮನೆಯಲ್ಲಿ ಈಗ ಬಹಳ ವಿಷಯಗಳ ಬಗ್ಗೆ ಮಾತಾಡುವುದಿಲ್ಲ.

ಬೀಗದ ಕೈಗಳನ್ನು ಎಂಜಿನಿಯರರ ಹೆಂಡತಿ ಕೊಡಲಿ ಎಂದರು. ನಾನು ಹೊಸ ಬಟ್ಟೆ ಹಾಕಿಕೊಂಡು ಗೋಡೆಯ ಬುಡದ ಮೇಜಿನ ಹಿಂದೆ ನಿಂತೆ. ಎಲ್ಲರೂ ಸಾಲಿನಲ್ಲಿ ಇದ್ದರು, ಆದರೆ ಯಾರೂ ಮುಂದೆ ಬರಲು ಒಪ್ಪದೆ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಕೊನೆಗೆ ಬಲೆ ಹೆಣೆಯುವ ಹೆಂಗಸೊಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು ಬಂದಳು. ಕೈ ಚಾಚಲಿಲ್ಲ.

"ಭಯ ಇಲ್ಲ ತಾನೇ ಅಕ್ಕಾ? ನಿಮ್ಮ ತಾಯಿಯವರು ಏನೋ ಬರೆದಿದ್ರಂತಲ್ಲ."

ಇವನು ಎರಡು ಹೆಜ್ಜೆ ಆಚೆ ನಿಂತಿದ್ದ. ನನ್ನ ಕಡೆ ತಿರುಗಲಿಲ್ಲ. ಕೇಳಿಸದವನ ಹಾಗೆ ಕಾಲಿನಿಂದ ಮಣ್ಣು ಕೆದಕುತ್ತಿದ್ದ.

"ಏನೂ ಆಗಲ್ಲ" ಅಂದೆ. "ನಾನೂ ಇಲ್ಲೇ ಇರ್ತೀನಲ್ಲ."

ಅವಳ ಮುಖ ಸಡಿಲವಾಯಿತು. "ಹಾಗಾದ್ರೆ ಸರಿ ಬಿಡಿ. ಅವರ ಮಗಳೇ ಇಲ್ಲಿರೋವಾಗ ಇನ್ನೇನು?" ಅಂದಳು. ಬೀಗದ ಕೈ ತೆಗೆದುಕೊಂಡು ಹಿಂದಿದ್ದವರಿಗೂ ಕೂಗಿ ಹೇಳಿದಳು, "ಬನ್ರೋ, ಅವರ ಮಗಳೇ ಇಲ್ಲಿ ಇರ್ತಾಳಂತೆ!" ಅದಾದ ಮೇಲೆ ಯಾರೂ ಏನೂ ಕೇಳಲಿಲ್ಲ. ಮೇಜು ಬೇಗ ಖಾಲಿಯಾಯಿತು.

ಇವತ್ತು ಬೀದಿಯ ಎಲ್ಲ ಕಿಟಕಿಗಳೂ ತೆರೆದಿವೆ. ಎದುರುಮನೆಯಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದಾರೆ. ನಾನು ಒಂದು ಚೀಲ ಹಿಡಿದು ನಿನ್ನ ಮನೆಗೆ ಹೊರಟರೆ ಸಾಕು, ಸಂಜೆಯೊಳಗೆ ಇವರೆಲ್ಲ ಗಂಟು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ನಿನ್ನ ವರದಿಯಿಂದ ಆಗದ್ದು ಆ ಒಂದು ಚೀಲದಿಂದ ಆಗುತ್ತದೆ. ಅದು ನನಗೆ ಗೊತ್ತು. ಇವನಿಗೂ ಗೊತ್ತು, ಅದಕ್ಕೇ ನಾನು ಅಂಗಡಿಗೆ ಹೊರಟರೂ ಬಾಗಿಲಿಗೆ ಬಂದು "ಎಲ್ಲಿಗೆ?" ಅನ್ನುತ್ತಾನೆ.

ನಾನು ಬರುವುದಿಲ್ಲ.

ನಿನ್ನ ಮಗಳು